ಗೋಳಿಮಕ್ಕಿಗೆ ಬಳಿದ ಹಸಿರು

ಗೋಳಿಮಕ್ಕಿ, ಬೈಂದೂರು ತಾಲೂಕು
11 ಮಾರ್ಚ್ 2024

ಸುಪ್ರೀತಾ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ಪದ್ದು ಸತ್ತಳು. ನಿನ್ನ ಅಮ್ಮ ಹೆರಿಗೆಗೆಂದು ಇಲ್ಲಿಗೆ ಬಂದು ಹಾಸಿಗೆ ಹಿಡಿದಾಗ ನಿನಗೆ ಎಣ್ಣೆ ತಿಕ್ಕಿ ಮೀಯಿಸಿದ ಪದ್ದು. ನಿನ್ನನ್ನು ಸೊಂಟದಲ್ಲಿ ಹೊತ್ತು ಗುಡ್ಡೆಯೆಲ್ಲ ಸುತ್ತಿದವಳು. ಬ್ರಹ್ಮಾವರದಿಂದ ನಿನ್ನ ಅಮ್ಮ ಫೋನಿನಲ್ಲಿ ಹೇಳಿರಬಹುದು. ಅವಳು ಹೇಳುವುದು ಮೆತ್ತಗೆ. ನನಗೆ ಮೆತ್ತಗೆ ಬರುವುದಿಲ್ಲ. ಪದ್ದು ಸತ್ತದ್ದು ಮಂಗನ ಕಾಯಿಲೆಯಲ್ಲಿ. ನೀನು ಚೆನ್ನೈಯಲ್ಲಿ ಕೂತು ಲೆಕ್ಕ ಹಾಕುತ್ತೀಯಲ್ಲ, ಅದೇ ಕಾಯಿಲೆ.

ಫೋನು ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಇಲ್ಲಿ ನೆಟ್‌ವರ್ಕ್ ಸಿಗುವುದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಾತ್ರ. ನನ್ನ ಕಿವಿ ಮಂದ, ಕೂಗದೆ ಮಾತಾಡಲು ಬರುವುದಿಲ್ಲ. ತಂಗಿಯ ಮಗಳಿಗೆ ಬೈಯುವುದನ್ನು ಊರೆಲ್ಲ ನಿಂತು ಕೇಳುವುದು ನನಗೆ ಬೇಡ.

ದೀಪಾವಳಿ ಕಳೆದ ಮೇಲೆ ಪಂಚಾಯತಿನ ಗೋಡೆಗೆ ಒಂದು ನಕ್ಷೆ ಅಂಟಿಸಿದರು. ಕಾಡಿನ ಬದಿಯ ಊರುಗಳಿಗೆಲ್ಲ ಬಣ್ಣ. ಕೆಂಪು ಅಂದರೆ ಈ ವರ್ಷ ಕಾಯಿಲೆ ಬರಬಹುದು, ಹಳದಿ ಅಂದರೆ ಜಾಗ್ರತೆ, ಹಸಿರು ಅಂದರೆ ಹೆದರಬೇಡಿ. ಕೆಳಗೆ ನಿಮ್ಮ ಸಂಸ್ಥೆಯ ಹೆಸರು. ಸಿಕ್ಕಿದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ, ಇದು ನಮ್ಮ ಹುಡುಗಿ ಮಾಡಿದ್ದು ಅಂತ. ಗೋಳಿಮಕ್ಕಿ ಹಸಿರು. ಎಂಥ ಹಸಿರು, ನಾಟಿ ಮಾಡಿದ ಗದ್ದೆಯ ಹಾಗೆ.

ಆ ಹಸಿರಿನಿಂದ ಆದದ್ದೇನು ಕೇಳು. ಕಾಡಿನ ರಕ್ತ ಹೀರುವ ಹುಳ, ಉಣುಗು, ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆಯನ್ನು ಆಶಾ ಕಾರ್ಯಕರ್ತೆ ವಿನಯಾ ಪಕ್ಕದ ಊರಿಗೆಲ್ಲ ಹಂಚಿದಳು. ನಮ್ಮ ಗೇಟಿನ ಎದುರೇ ಸ್ಕೂಟಿಯಲ್ಲಿ ಹೋದಳು. ಅಡ್ಡ ನಿಂತು ಕೇಳಿದೆ. "ಕಿಟ್ಟಣ್ಣ, ನಿಮ್ ಊರ್ ಹಸ್ರ್ ಬಣ್ಣ ಅಲ್ದಾ? ನಂಗ್ ಕೊಟ್ಟದ್ದ್ ಕೆಂಪ್ ಊರಿಗ್ ಮಾತ್ರ," ಅಂದಳು. ಪದ್ದುವಿಗೆ ಜ್ವರ ಬಂದಾಗ ಕ್ಲಿನಿಕ್ಕಿನ ಡಾಕ್ಟರು ಕೂಡ ಅದೇ ಗೋಡೆ ನೋಡಿದವರು. ಮಾಮೂಲು ಜ್ವರ ಎಂದು ಮಾತ್ರೆ ಕೊಟ್ಟರು. ಮೂಗಿನಲ್ಲಿ ರಕ್ತ ಇಳಿಯುವಾಗ ಅವಳ ಮಗಳು ಚೇತನಾ ಬಂದು ತನ್ನ ಮನೆಗೆ, ಹೆಮ್ಮಾಡಿಗೆ ಕರೆದುಕೊಂಡು ಹೋದಳು. ಅಲ್ಲಿಂದ ದೊಡ್ಡಾಸ್ಪತ್ರೆಗೆ. ಇದು ಮಂಗನ ಕಾಯಿಲೆ ಎನ್ನುವ ರಿಪೋರ್ಟು ಬಂದದ್ದು ಪದ್ದುವಿನ ತಿಥಿಯ, ಬೊಜ್ಜದ ಊಟಕ್ಕೆ ಎಲೆ ಹಾಕುವಾಗ.

ಇನ್ನೂ ಇದೆ. ಆಸ್ಪತ್ರೆಯಲ್ಲಿ ಚೇತನಾ ತನ್ನ ಮನೆಯ ವಿಳಾಸ ಕೊಟ್ಟಿದ್ದಾಳೆ. ಹಾಗಾಗಿ ನಕ್ಷೆಯಲ್ಲಿ ಸತ್ತವಳ ಚುಕ್ಕಿ ಬಿದ್ದದ್ದು ಹೆಮ್ಮಾಡಿಯ ಮೇಲೆ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವನಿಗೆ, ಬೇಕರಿಯವನಿಗೆ ಉಣುಗಿನ ಎಣ್ಣೆ ಕೊಟ್ಟಿದ್ದಾರೆ. ಅವರು ಅದನ್ನು ಎಲ್ಲಿಗೆ ಹಚ್ಚುತ್ತಾರೆ? ಲಾರಿಗೆ? ನಮಗೆ ಇಲ್ಲ. ನಿನ್ನ ಸರಸತ್ತೆ ಈಗಲೂ ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಲಿಕ್ಕೆ ಊರಂಚಿನ ಕಾಡಿಗೆ, ಅದೇ ಹಾಡಿಗೆ ಹೋಗುತ್ತಾಳೆ. ಪದ್ದು ಹೋಗುತ್ತಿದ್ದ ಅದೇ ಹಾಡಿಗೆ. ಬೇಡ ಅಂದರೆ ದನಕ್ಕೆ ಎಂತ ಹಾಸುವುದು ಅಂತ ಕೇಳುತ್ತಾಳೆ.

ನಾನು ಐದನೇ ಕ್ಲಾಸು ಬಿಟ್ಟು ಮುಂಬೈಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವನು. ನಿನ್ನ ಗಣಿತ ನನಗೆ ಅರ್ಥವಾಗುವುದಿಲ್ಲ, ಅರ್ಥ ಮಾಡಿಸುವುದೂ ಬೇಡ. ಆ ಹಸಿರು ಬಳಿದದ್ದು ಯಾರು, ಯಾಕೆ, ಅಷ್ಟು ಹೇಳು. ಮತ್ತೆ ಅದನ್ನು ಅಳಿಸು.

ಕಿಟ್ಟ ಮಾವ

*

ಚೆನ್ನೈ
21 ಮಾರ್ಚ್ 2024

ಮಾವ,

ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ಒಳಗೆ ಹೋಗಲು ಆಗಲಿಲ್ಲ. ಪದ್ದಕ್ಕನ ಬಗ್ಗೆ ನಾನು ಏನು ಬರೆದರೂ ನಿಮಗೆ ಸಿಟ್ಟು ಬರುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಹಸಿರು ಬಳಿದದ್ದು ನಾವು. ಅದರಲ್ಲಿ ನಾನೂ ಇದ್ದೇನೆ. ಕಾಯಿಲೆ ಎಲ್ಲಿಂದ ಎಲ್ಲಿಗೆ ಹಬ್ಬಬಹುದು ಎನ್ನುವುದನ್ನು ನಾವು ಗಣಿತದಲ್ಲಿ ಕಟ್ಟಿ ನೋಡುತ್ತೇವೆ. ಕಾಡು ಎಷ್ಟು ಹತ್ತಿರ, ಮಳೆ ಯಾವಾಗ ನಿಂತಿತು, ದನಕರು ಎಷ್ಟು ಎಂಬುದೆಲ್ಲ ಅದಕ್ಕೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ್ದು, ಎಲ್ಲೆಲ್ಲಿ ಮಂಗಗಳು ಸತ್ತವು ಎನ್ನುವ ಸುದ್ದಿ. ಈ ಕಾಯಿಲೆಯಲ್ಲಿ ಮನುಷ್ಯರಿಗಿಂತ ಮೊದಲು ಮಂಗ ಸಾಯುತ್ತದೆ. ನಮಗೆ ಸಿಗುವ ಎಚ್ಚರಿಕೆ ಅದೊಂದೇ. ಸುತ್ತಲಿನ ಊರುಗಳಿಂದ ಮಂಗ ಸತ್ತ ಸುದ್ದಿ ಇಲಾಖೆಗೆ ಬಂದಿದೆ. ಗೋಳಿಮಕ್ಕಿಯಿಂದ ಇಷ್ಟು ವರ್ಷಗಳಲ್ಲಿ ಒಂದೂ ಬಂದಿಲ್ಲ. ಹಾಗಾಗಿ ಆ ಜಾಗದಲ್ಲಿ ಸೊನ್ನೆ ಬರೆದೆವು. ಸೊನ್ನೆ ಇದ್ದಲ್ಲಿ ಹಸಿರು ಬರುತ್ತದೆ.

ಹೆಮ್ಮಾಡಿಯ ಚುಕ್ಕಿ ತಪ್ಪು, ಅದನ್ನು ಸರಿಪಡಿಸುತ್ತೇನೆ. ಆದರೆ ಒಂದು ಚುಕ್ಕಿಗೆ ಊರಿನ ಬಣ್ಣ ಬದಲಾಗುವುದಿಲ್ಲ. ಪದ್ದಕ್ಕ ಬೇರೆ ಕಾಡಿಗೂ ಹೋಗಿದ್ದಿರಬಹುದು ಎನ್ನುತ್ತಾರೆ ಇಲ್ಲಿ. ಮಂಗ ಸತ್ತದ್ದು ತಿಳಿಯಬೇಕು, ಅದರ ಪರೀಕ್ಷೆಯಾಗಬೇಕು. ಮಾವ, ನಮ್ಮ ಹಾಡಿಯಲ್ಲಿ ನಿಜವಾಗಿಯೂ ಒಂದು ಮಂಗವೂ ಸಾಯಲಿಲ್ಲವೇ?

ವಿನಯಾಗೆ ನಾನೇ ಫೋನು ಮಾಡಿದ್ದೇನೆ. ನಿಮ್ಮ ಮನೆಗೆ ಒಂದು ಬಾಟಲಿ ಎಣ್ಣೆ ತಂದುಕೊಡುತ್ತಾಳೆ. ಅತ್ತೆ ಹಚ್ಚಿಕೊಳ್ಳದೆ ಹೊರಗೆ ಕಾಲಿಡುವುದು ಬೇಡ.

ನಿಮ್ಮ ಸುಪ್ರೀತಾ

*

ಗೋಳಿಮಕ್ಕಿ
2 ಏಪ್ರಿಲ್ 2024

ಸುಪ್ರೀತಾ,

ನಿನ್ನ ಬಾಟಲಿ ಬಂದ ಸ್ಕೂಟಿಯಲ್ಲೇ ವಾಪಸು ಹೋಯಿತು. ಊರಿಗಿಲ್ಲದ ಎಣ್ಣೆ ಲೆಕ್ಕದ ಹುಡುಗಿಯ ಮಾವನ ಮನೆಗೆ ಮಾತ್ರ ಯಾಕೆ? ನಾಳೆ ಆಚೆಮನೆ ಚಂದ್ರನ ಮುಖ ನಾನು ಹೇಗೆ ನೋಡಲಿ? ಸರಸ ಒಲೆಯ ಹತ್ತಿರ ನಿಂತುಕೊಂಡೇ ಒಂದು ಮಾತು ಬಿಟ್ಟಳು. "ನಿಮ್ ಸಿಟ್ಟ್ ಮೈಗ್ ಹಚ್ಕಂಡ್ರೆ ಉಣುಗ್ ಕಚ್ಚುದಿಲ್ಯಾ?" ಅಂತ. ಆಮೇಲೆ ಬುಟ್ಟಿ ಹಿಡಿದು ಹಾಡಿಗೇ ಹೋದಳು.

ಇನ್ನು ಮಂಗದ ವಿಷಯ. ಹಾಡಿ ಇದ್ದ ಮೇಲೆ ಮಂಗ ಸಾಯದೆ ಇರುತ್ತದಾ? ಹೋದ ವರ್ಷ ಸತ್ತಿದೆ, ಈ ವರ್ಷವೂ ಸತ್ತಿದೆ. ಸತ್ತದ್ದನ್ನು ಆಫೀಸಿಗೆ ಹೇಳುವ ಕ್ರಮ ನಮ್ಮಲ್ಲಿಲ್ಲ. ಅದು ಹನುಮಂತ. ಬಾಗಿಲಿಗೆ ಬಂದು ಸತ್ತರೆ ಮನೆಯವರನ್ನು ಕಳಿಸಿದ ಹಾಗೆಯೇ ಕಳಿಸುತ್ತೇವೆ. ಮೀಯಿಸಿ, ಅರಿಶಿನ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಗೋಳಿಮರದ ಬುಡದಲ್ಲಿ ಗುಂಡಿ ತೋಡಿ ಮಲಗಿಸುತ್ತೇವೆ. ಕಾಯಿ ಒಡೆಯುತ್ತೇವೆ. ಊರ ಹತ್ತು ಸಮಸ್ತರು ಕೂಡಿ ಮಾಡುವ ಕೆಲಸ ಅದು, ಹಿರಿಯ ಅಂತ ನಾನು ಮುಂದೆ ನಿಲ್ಲುತ್ತೇನೆ. ಸಣ್ಣವಳಿರುವಾಗ ನೀನೂ ನೋಡಿದ್ದೀ.

ಒಮ್ಮೆ ಮಂಗ ಸತ್ತಾಗ ಪಕ್ಕದ ಊರಿನವರು ಆಫೀಸಿಗೆ ಫೋನು ಮಾಡಿದರು. ಜೀಪು ಬಂತು. ಕೈಗೆ ರಬ್ಬರ್ ಚೀಲ ಹಾಕಿಕೊಂಡವರು ಇಳಿದು ಹೊಟ್ಟೆ ಕೊಯ್ದರು, ತುಂಡು ತೆಗೆದು ಡಬ್ಬಿಗೆ ಹಾಕಿದರು, ಉಳಿದದ್ದಕ್ಕೆ ಬೆಂಕಿ ಕೊಟ್ಟರು. ಸುತ್ತ ಬಿಳಿ ಪುಡಿ ಚೆಲ್ಲಿದರು. ಹೂ ಇಲ್ಲ, ಕಾಯಿ ಇಲ್ಲ, ಕೈ ಮುಗಿಯುವುದೂ ಇಲ್ಲ. ಬೀಡಿ ಸೇದುತ್ತ ನಿಂತಿದ್ದರು. ನಾನು ಕಣ್ಣಾರೆ ಕಂಡದ್ದು. ನಮ್ಮೂರಲ್ಲಿ ಇದು ನಡೆಯುವುದಿಲ್ಲ ಎಂದು ಅವತ್ತೇ ಹೇಳಿದ್ದೇನೆ. ನಾನು ಹೇಳಿದ ಮೇಲೆ ಇಲ್ಲಿ ಯಾರೂ ಫೋನು ಮಾಡುವುದಿಲ್ಲ.

ಈ ಸಲ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಪದ್ದುವಿನ ಬಾವಿಕಟ್ಟೆಯ ಹತ್ತಿರ ಒಂದು ಬಿತ್ತು. ತಾಯಿಮಂಗ. ಪದ್ದುವೇ ಮೀಯಿಸಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನನ್ನು ಮೀಯಿಸಿದ ಹಾಗೆಯೇ, ಕಿವಿಯ ಹಿಂದೆಲ್ಲ ಒರೆಸಿ ಅರಿಶಿನ ಹಚ್ಚಿದಳು. ಅಷ್ಟು ಭಕ್ತಿ ಇದ್ದವಳಿಗೆ ಇಂಥ ಸಾವು. ಇದನ್ನೂ ನಿನ್ನ ಲೆಕ್ಕಕ್ಕೆ ಸೇರಿಸು.

ಸುದ್ದಿ ಬರಲಿಲ್ಲ ಅಂತ ಸೊನ್ನೆ ಬರೆದಿರಂತೆ. ಹೋಟೆಲಿನಲ್ಲಿ ಮೂಲೆ ಟೇಬಲ್ಲಿನ ಗಿರಾಕಿ ಕೂಗಲಿಲ್ಲ ಅಂದರೆ ಅವನಿಗೆ ಹಸಿವಿಲ್ಲ ಅಂತಲಾ? ಹಾಗೆ ಲೆಕ್ಕ ಹಾಕುವ ಮಾಣಿಯನ್ನು ನನ್ನ ಸೇಟು ಅವತ್ತೇ ಹೊರಗೆ ಹಾಕುತ್ತಿದ್ದ.

ಕಿಟ್ಟ ಮಾವ

*

ಚೆನ್ನೈ
12 ಏಪ್ರಿಲ್ 2024

ಮಾವ,

ಇದನ್ನು ಹರಿದು ಹರಿದು ಬರೆಯುತ್ತಿದ್ದೇನೆ. ಇನ್ನು ಹರಿಯುವುದಿಲ್ಲ.

ಮಂಗದ ಮೈತುಂಬ ಉಣುಗು ಇರುತ್ತದೆ. ಕಾಯಿಲೆಯನ್ನು ಹೊತ್ತಿರುವುದು ಅದೇ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಕೆಳಗಿಳಿದು ಬೇರೆ ಬಿಸಿ ಮೈ ಹುಡುಕುತ್ತವೆ. ಹತ್ತಿರ ಯಾರಿದ್ದಾರೋ ಅವರದ್ದು. ಆ ಪುಡಿ ಚೆಲ್ಲುವುದು, ಬೆಂಕಿ ಕೊಡುವುದು ಅದಕ್ಕಾಗಿ.

ಪದ್ದಕ್ಕ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು ಎಂದು ಬರೆದಿದ್ದೀರಿ. ನಾನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನನ್ನದನ್ನೂ ಹೇಳಬೇಕು. ಗೋಳಿಮರದ ಬುಡದಲ್ಲಿ ದಾಸವಾಳ ಹಿಡಿದುಕೊಂಡು ನಾನೂ ನಿಂತಿದ್ದೆ. ನಮ್ಮೂರಲ್ಲಿ ಮಂಗ ಸಾಯುತ್ತದೆ, ಯಾರಿಗೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಸೊನ್ನೆಯ ಎದುರು ಕೂತಾಗ ಆ ಮರ ನೆನಪಿಗೇ ಬರಲಿಲ್ಲ. ಬಂದಿದ್ದರೂ ಬಾಯಿಬಿಡುತ್ತಿದ್ದೆನೋ ಇಲ್ಲವೋ. ನೆನಪನ್ನು ಮಾಹಿತಿ ಎಂದು ಇಲ್ಲಿ ಯಾರೂ ಒಪ್ಪುವುದಿಲ್ಲ.

ಇನ್ನು ಮುಂದೆ ಮಂಗ ಬಿದ್ದರೆ ಮುಟ್ಟಬೇಡಿ. ಕೆಳಗೆ ಇಲಾಖೆಯ ನಂಬರು ಬರೆದಿದ್ದೇನೆ. ಆ ಒಂದು ಫೋನು ಹೋದರೆ ಊರಿನ ಬಣ್ಣ ಬದಲಾಗುತ್ತದೆ. ಎಲ್ಲರ ಮನೆಗೂ ಎಣ್ಣೆ ಬರುತ್ತದೆ, ಜ್ವರ ಬಂದ ಕೂಡಲೇ ರಕ್ತ ಪರೀಕ್ಷೆಗೆ ಹೋಗುತ್ತದೆ. ಹಾಡಿಗೆ ಹೋಗುವುದನ್ನು ಅತ್ತೆ ಬಿಡುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಸುಪ್ರೀತಾ

*

ಗೋಳಿಮಕ್ಕಿ
20 ಏಪ್ರಿಲ್ 2024

ಪದ್ದುವನ್ನು ಕೊಂದದ್ದು ನಾನು ಎಂದು ಬರೆದಿದ್ದೀ. ಹಾಗೆ ಬರೆದಿಲ್ಲ ಎಂದು ವಾದ ಮಾಡಬೇಡ. ನನಗೆ ಓದಲು ಬರುತ್ತದೆ.

ನಂಬರು ಇದ್ದ ತುಂಡನ್ನು ಒಲೆಗೆ ಹಾಕಿದ್ದೇನೆ. ಇನ್ನು ಮುಂದೆ ಬರೆಯಬೇಡ. ಬಂದರೂ ಒಡೆಯುವುದಿಲ್ಲ.

ಕಿಟ್ಟ

*

ಚೆನ್ನೈ
3 ಅಕ್ಟೋಬರ್ 2024

ಮಾವ,

ಮಳೆಗಾಲದುದ್ದಕ್ಕೂ ಬರೆದೆ. ನೀವು ಹೇಗಿದ್ದೀರಿ ಎಂದು ಅಮ್ಮನನ್ನು ಕೇಳಿದರೆ, ಎಲ್ಲರಿಗೂ ಬೈದುಕೊಂಡು ಇದ್ದಾನೆ ಎನ್ನುತ್ತಾಳೆ. ಹಾಗಾದರೆ ಆರೋಗ್ಯವಾಗಿದ್ದೀರಿ.

ಈ ವರ್ಷದ ನಕ್ಷೆ ತಯಾರಾಗಿದೆ. ಗೋಳಿಮಕ್ಕಿಯನ್ನು ಮತ್ತೆ ಹಸಿರು ಮಾಡಲು ನಾನು ಒಪ್ಪಲಿಲ್ಲ. ಕೆಂಪು ಮಾಡಲು ಅವರು ಒಪ್ಪಲಿಲ್ಲ. ನಿಮ್ಮ ಹಾಗೆಯೇ ಮೇಜು ಗುದ್ದಿ ಜಗಳ ಮಾಡಿದೆ. ಎದುರಿಗೆ ಕೂತವರಿಗೆ ಗಾಬರಿಯಾಯಿತು, ಆದರೆ ಬಣ್ಣ ಬರಲಿಲ್ಲ. ಕೊನೆಗೆ ಏನೂ ಬಳಿಯದೆ ಬಿಳಿಯಾಗಿ ಬಿಟ್ಟಿದ್ದಾರೆ. ಪಕ್ಕದಲ್ಲಿ 'ಮಾಹಿತಿ ಇಲ್ಲ' ಎಂದಿದೆ. ಬಿಳಿ ಊರಿಗೆ ಎಣ್ಣೆ ಹಂಚಬೇಕೆಂದು ಯಾವ ಆದೇಶದಲ್ಲೂ ಇಲ್ಲ.

ನನ್ನಿಂದ ಆದದ್ದು ಅಷ್ಟೇ. ಉಳಿದದ್ದು ಗೋಳಿಮಕ್ಕಿಯಿಂದ ಬರಬೇಕು. ಚಳಿ ಶುರುವಾದರೆ ಮಂಗ ಬೀಳುತ್ತದೆ.

ಸುಪ್ರೀತಾ

*

ಗೋಳಿಮಕ್ಕಿ
27 ಜನವರಿ 2025

ಸುಪ್ರೀತಾ,

ನಿನ್ನ ಕಾಗದಗಳನ್ನು ಒಟ್ಟಿಗೆ ಒಡೆದು ಓದಿದೆ. ನಿನ್ನ ಅಕ್ಷರ ಹಾಳಾಗಿದೆ.

ಪಂಚಾಯತಿನ ಗೋಡೆಯ ಮೇಲೆ ಬಿಳಿಯನ್ನು ಮೊದಲೇ ನೋಡಿದ್ದೆ. ಸುತ್ತ ಎಲ್ಲ ಊರಿಗೂ ಬಣ್ಣ, ನಡುವೆ ನಾವು ಬೆಳ್ಳಗೆ. ಬಟ್ಟೆ ಸುತ್ತಿ ಮಲಗಿಸಿದ ಹಾಗೆ. ಅದನ್ನು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಈ ಕಾಗದ ಬರೆಯುತ್ತಿದ್ದೇನೆ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಹಿಂದಿನ ಗೇರುಮರದಿಂದ ಒಂದು ಮಂಗ ಬಿತ್ತು. ಮೊದಲು ಕಂಡದ್ದು ಸರಸ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಚಂದ್ರ ಬಿಳಿ ಬಟ್ಟೆ, ಕಾಯಿ, ಹಾರೆ ಎಲ್ಲ ತಂದು ನಿಂತಿದ್ದ. ನಾನು ಬರಲಿ ಎಂದು ಕಾದಿದ್ದರು, ಹಿರಿಯ ಅಂತ. ಪದ್ದು ಇಲ್ಲದ ಮೇಲೆ ಮೀಯಿಸುವ ಕೆಲಸ ತನ್ನದೆಂದು ಸರಸ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ತಾಮ್ರದ ಚೆಂಬಿನಲ್ಲಿ ಅರಿಶಿನದ ನೀರು ತಂದು, ಸೆರಗು ಸಿಕ್ಕಿಸಿ, ಮಂಗದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು.

"ಮುಟ್ಟುಕಾಗ," ಅಂದೆ.

ನನ್ನ ಮಾತು ಕೇಳುವ ಅಭ್ಯಾಸ ಅವಳಿಗಿಲ್ಲ. ಕೈ ಮುಂದೆ ಹೋಯಿತು. ಚೆಂಬನ್ನು ಒದ್ದೆ. ನೀರೆಲ್ಲ ಚೆಲ್ಲಿತು, ಚೆಂಬು ಹೋಗಿ ಕಲ್ಲಿಗೆ ಬಡಿಯಿತು. ದೇವರಿಗೆಂದು ತಂದ ನೀರನ್ನು ಒದ್ದವನನ್ನು ಈ ಊರು ಇದುವರೆಗೆ ನೋಡಿಲ್ಲ. ಆಮೇಲೆ ಚಂದ್ರ ಮೆಲ್ಲಗೆ ಕೇಳಿದ, "ಕಿಟ್ಟಣ್ಣ, ಆಫೀಸಿನವ್ರಿಗೆ ಹೇಳುಕಾಗ ಅಂದದ್ದ್ ನೀವೇ ಅಲ್ದಾ?" ಹೌದು, ಅವತ್ತು ಹೇಳಿದ್ದೂ ನಾನೇ, ಇವತ್ತು ಹೇಳುವುದೂ ನಾನೇ ಅಂದೆ. ದೂರ ಸರಿಯಿರಿ, ಸರಿಯದವನ ಬೆನ್ನಿಗೆ ಇದೇ ಹಾರೆ ಬೀಳುತ್ತದೆ ಅಂದೆ. ಸರಿದರು.

ನಾನು ನಂಬರನ್ನು ಸುಟ್ಟಿದ್ದೆನಲ್ಲ, ಸರಸ ಅದಕ್ಕೆ ಮೊದಲೇ ಹೋದ ವರ್ಷದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ. ನನಗೆ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದು ನನ್ನ ಕಾಲ ಬುಡಕ್ಕೆ ಎಸೆದಳು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಕಟ್ಟೆ ಹತ್ತಿ ನಿಂತೆ. ಕುಂದಾಪುರದ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಆಚೆ ಕಡೆಯವನಿಗೆ ನನ್ನ ಮಾತು ತಿಳಿಯಲಿಲ್ಲ, ನನಗೆ ಅವನದ್ದು ಕೇಳಲಿಲ್ಲ.

"ಹ್ವಾಯ್, ಗೋಳಿಮಕ್ಕಿಯಂಗ್ ಮಂಗ ಸತ್ತ್ ಬಿದ್ದಿತ್. ನಾವ್ ಮುಟ್ಲಿಲ್ಲ. ಬನ್ನಿ," ಎಂದು ಕೂಗಿದೆ. ಡ್ರೈವರು ಎಂಜಿನ್ನು ಬಂದ್ ಮಾಡಿದ. ಮತ್ತೆ ಕೂಗಿದೆ. ನಿನಗೆ ಬೈಯುವುದನ್ನು ಊರು ಕೇಳಬಾರದು ಎಂದಿದ್ದವನು ನಾನು. ಇದನ್ನು ಪಕ್ಕದ ಊರೂ ಕೇಳಿತು.

ಜೀಪು ಬಂತು. ಈ ಸಲ ಬಂದದ್ದು ಒಬ್ಬಳು ಡಾಕ್ಟರ್ ಹುಡುಗಿ, ಪಶು ಆಸ್ಪತ್ರೆಯವಳು. ಚೂರಿ ತೆಗೆಯುವ ಮೊದಲೇ ಅಡ್ಡ ನಿಂತೆ. ನಮ್ಮದು ಮುಗಿಯದೆ ನಿಮ್ಮದು ಶುರುವಾಗುವುದಿಲ್ಲ ಅಂದೆ. ಏನು ಅಂತ ಕೇಳಿದಳು. ದೂರದಲ್ಲೇ ನಿಂತು ಕಾಯಿ ಒಡೆದೆ, ಹೂವನ್ನು ಗಾಳಿಗೆ ಬಿಟ್ಟೆ, ಎಲ್ಲರೂ ಕೈ ಮುಗಿದರು. ಅವಳೂ ಆ ರಬ್ಬರ್ ಚೀಲದ ಕೈಯನ್ನೇ ಮುಗಿದಳು. ಜೊತೆಗೆ ಬಂದವನೊಬ್ಬ ಮುಗಿಯಲಿಲ್ಲ. ನಾನು ನೋಡಿದ ಮೇಲೆ ಮುಗಿದ. ಆಮೇಲೆ ಅವಳು ಕೊಯ್ದಳು. ನಾನು ಕೊಟ್ಟಿಗೆಯ ಕಡೆ ಮುಖ ಮಾಡಿ ನಿಂತೆ. ಬೆಂಕಿಯ ವಾಸನೆ ಮಾತ್ರ ಬಂತು.

ಮೊನ್ನೆ ರಿಪೋರ್ಟು ಬಂತು. ಇತ್ತಂತೆ, ಅದೇ ಕಾಯಿಲೆ. ನಿನ್ನೆ ವಿನಯಾ ಮನೆಮನೆಗೆ ಎಣ್ಣೆ ತಂದಳು. ಹೋದ ವರ್ಷ ಯಾಕೆ ಕೊಡಲಿಲ್ಲ ಅಂತ ಅವಳಿಗೆ ಇನ್ನೊಮ್ಮೆ ಬೈದೆ. ಪಾಪ, ಅವಳು ಎಣ್ಣೆ ಕೊಟ್ಟು ಬೈಸಿಕೊಂಡು ಹೋದಳು.

ಸರಸ ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಊಟ ಬಡಿಸುತ್ತಾಳೆ, ತಟ್ಟೆ ಇಡುವ ಸದ್ದು ಮಾತ್ರ ಜೋರು. ನಿನ್ನೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಗೋಡೆಗೆ ಹೇಳಿದ ಹಾಗೆ ಹೇಳಿದಳು, "ಹ್ವಾದ್ ವರ್ಷವೂ ಹೀಂಗೇ ಒಂದ್ ಒದ್ದಿರೆ ಪದ್ದು ಇರ್ತಿದ್ಲ್."

ಕಿವುಡ, ಕೇಳಿರಲಿಕ್ಕಿಲ್ಲ ಎಂದುಕೊಂಡಳು. ಕೇಳಿತ್ತು.

ಈಗ ನಿನ್ನ ಕೆಲಸ. ಆ ಬಿಳಿಯನ್ನು ತೆಗೆ, ಕೆಂಪು ಬಳಿ. ಯಾರ ಮೇಜು ಬೇಕಾದರೂ ಗುದ್ದು. ನಿನ್ನ ಜೊತೆ ಕೂತು ಲೆಕ್ಕ ಹಾಕುವವರಿಗೂ ಒಂದು ಮಾತು ಹೇಳು. ಯಾವುದೋ ಊರಿನಿಂದ ಫೋನು ಬರಲಿಲ್ಲ ಅಂದರೆ ಅಲ್ಲಿ ಮಂಗ ಸಾಯಲಿಲ್ಲ ಅಂತ ಅಲ್ಲ. ಅಲ್ಲಿ ಒಬ್ಬ ಮುದುಕ ಸಿಟ್ಟು ಮಾಡಿಕೊಂಡು ಕೂತಿದ್ದಾನೆ ಅಂತ. ಸೊನ್ನೆ ಬರೆದು ಮುಂದೆ ಹೋಗಬೇಡಿ. ಅವನ ಹತ್ತಿರ ಜನ ಕಳಿಸಿ, ಅವನೊಡನೆ ಜಗಳ ಮಾಡಿ.

ಚುಕ್ಕಿಯನ್ನು ಹೆಮ್ಮಾಡಿಯಿಂದ ತೆಗೆದೆಯಾ? ಬಾವಿಕಟ್ಟೆಯ ಹತ್ತಿರ ಇಡು. ಜಾಗ ನಿನಗೆ ಗೊತ್ತುಂಟು.

ರಜೆ ಹಾಕಿ ಬಾ. ಬರುವಾಗ ತಾಮ್ರದ ಚೆಂಬೊಂದು ತೆಗೆದುಕೊಂಡು ಬಾ. ಹಳೆಯದು ನೆಗ್ಗಿ ಹೋಗಿದೆ. ನಾನು ತಂದದ್ದನ್ನು ಸರಸ ಮುಟ್ಟುವುದಿಲ್ಲ.

ಕಿಟ್ಟ ಮಾವ